ಓದುಗರ ಪ್ರಶ್ನೆ: ನಾಲ್ಕು ಡಿಸ್ಕ್ ಉಂಟು, ಯಾವ ರೇಡ್ ಹಾಕುವುದು?

ಈ ಸಲ ಕಾಸರಗೋಡು ಕಡೆಯಿಂದ ಬಂದ ಪತ್ರಗಳಲ್ಲಿ ಸುಮಾರು ಹಾರ್ಡ್ ಡಿಸ್ಕ್ ವಿಷಯವೇ ಇತ್ತು, ಹಾಗಾಗಿ ಎಲ್ಲ ಒಟ್ಟಿಗೆ ತಗೊಂಡಿದ್ದೇನೆ. ರೇಡ್ ಅಂದ್ರೆ ಕೆಲವು ಡಿಸ್ಕುಗಳನ್ನು ಸೇರಿಸಿ ಒಂದೇ ಡಿಸ್ಕಿನ ಹಾಗೆ ಬಳಸುವ ಕ್ರಮ, ಅದರ ಮುಂದಿನ ನಂಬರ್ ಸೇರಿಸುವ ಬಗೆ. ನ್ಯಾಸ್ ಅಂದ್ರೆ ಡಿಸ್ಕುಗಳನ್ನು ಹಾಕಿ ನೆಟ್ವರ್ಕಿಗೆ ಸಿಕ್ಕಿಸುವ ಡಬ್ಬ. ಮೊದಲನೆಯದಕ್ಕೆ ಉತ್ತರ ಉದ್ದ ಆಯ್ತು. ಅವರ ಡಿಸ್ಕಲ್ಲಿ ಇರುವುದು ಒಮ್ಮೆ ಹೋದ್ರೆ ದುಡ್ಡು ಕೊಟ್ರೂ ಸಿಗುವಂಥದ್ದಲ್ಲ, ಅದಕ್ಕೇ ಗಡಿಬಿಡಿ ಮಾಡಲಿಲ್ಲ.

ಪ್ರಶ್ನೆ: ನಮ್ಮದು ಬದಿಯಡ್ಕದಲ್ಲಿ ಸ್ಟುಡಿಯೋ. ಮದುವೆ, ಗೃಹಪ್ರವೇಶ, ಯಕ್ಷಗಾನ ಎಲ್ಲ ಶೂಟ್ ಮಾಡ್ತೇವೆ. ತಂದೆಯವರು ಮಿನಿ ಡಿವಿ ಕ್ಯಾಸೆಟಲ್ಲಿ ತೆಗೆದ ಹಳೆ ಯಕ್ಷಗಾನದ ಆಟಗಳನ್ನೂ ಈಗ ಕಂಪ್ಯೂಟರಿಗೆ ಹಾಕಿದ್ದೇವೆ. ಎಲ್ಲ ಸೇರಿ 6 ಟಿಬಿ ಆಗಿದೆ, ವರ್ಷಕ್ಕೆ ಇನ್ನೊಂದು 2 ಟಿಬಿ ಸೇರಬಹುದು. ನಾಲ್ಕು ಡಿಸ್ಕ್ ಹಿಡಿಯುವ ನ್ಯಾಸ್ ಒಂದು, 8 ಟಿಬಿಯ ಡಿಸ್ಕ್ ನಾಲ್ಕು ತರುವ ಅಂತ ಉಂಟು, ಅದಕ್ಕಿಂತ ಹೆಚ್ಚು ಖರ್ಚು ಮಾಡ್ಲಿಕ್ಕೆ ಈಗ ಆಗುವುದಿಲ್ಲ. ಮಂಗಳೂರಿನ ಅಂಗಡಿಯವರು ರೇಡ್ 5 ಹಾಕಿ, 24 ಟಿಬಿ ಸಿಗ್ತದೆ ಅಂದ್ರು. ಅಳಿಯ ರೇಡ್ 10 ಸ್ಪೀಡು ಅಂತಾನೆ. ವೀಡಿಯೋಗಳಲ್ಲಿ ನೋಡಿದ್ರೆ ರೇಡ್ 6 ಅಂತಾರೆ. ಯಾವುದು ಒಳ್ಳೇದು? ರೇಡ್ ಹಾಕಿದ ಮೇಲೆ ಬ್ಯಾಕಪ್ ಬೇರೆ ಬೇಡವಲ್ಲ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಹೇಳ್ತೇನೆ. ಬ್ಯಾಕಪ್ ಬೇಕು. ಯಾವ ರೇಡ್ ಹಾಕಿದ್ರೂ ಬೇಕು. ಇದು ತಲೆಗೆ ಹೋಗದೆ ಐದಾ ಆರಾ ಹತ್ತಾ ಅಂತ ಚರ್ಚೆ ಮಾಡಿ ಎಂತ ಪ್ರಯೋಜನವೂ ಇಲ್ಲ.

ರೇಡ್ ಯೋಚನೆ ಬಂದದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ, 1988ರಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಅಂತ ಮೂವರು ಒಂದು ಪ್ರಬಂಧ ಬರೆದ್ರು. ದೊಡ್ಡ ಕಂಪ್ಯೂಟರಿನ ದುಬಾರಿ ಡಿಸ್ಕಿನ ಬದಲು ಪಿಸಿಗೆ ಹಾಕುವ ಅಗ್ಗದ ಡಿಸ್ಕುಗಳನ್ನು ಸಾಲಾಗಿ ಸೇರಿಸಿದ್ರೆ ಸ್ಪೀಡೂ ಸಿಗ್ತದೆ ಖರ್ಚೂ ಕಡಿಮೆ ಆಗ್ತದೆ, ಆದ್ರೆ ಡಿಸ್ಕ್ ಜಾಸ್ತಿ ಆದ ಹಾಗೆ ಅದರಲ್ಲಿ ಯಾವುದಾದ್ರೂ ಒಂದು ಕೈಕೊಡುವ ಸಂಭವವೂ ಜಾಸ್ತಿ, ಅದಕ್ಕೆ ಎಂತ ಪರಿಹಾರ ಅಂತ ಅವರು ಲೆಕ್ಕ ಹಾಕಿದ್ದು. ಹಾಗಾಗಿ ರೇಡ್ ಕಾಯುವುದು ಡಿಸ್ಕ್ ಸತ್ತಾಗ ಮಾತ್ರ. ಡಿಸ್ಕ್ ಸತ್ತ ದಿನವೂ ನಿಮ್ಮ ಎಡಿಟಿಂಗ್ ನಿಲ್ಲುವುದಿಲ್ಲ, ಅಷ್ಟೇ. ಕೆಲಸಕ್ಕೆ ಬಂದ ಹುಡುಗ ಗೊತ್ತಾಗದೆ ಒಂದು ಫೋಲ್ಡರ್ ಡಿಲೀಟ್ ಮಾಡಿದ್ರೆ ಅದು ಅದೇ ಕ್ಷಣ ಎಲ್ಲ ಡಿಸ್ಕಿಂದಲೂ ಹೋಯ್ತು. ರ‍್ಯಾನ್ಸಮ್‌ವೇರ್ ಬಂದು ಫೈಲಿಗೆಲ್ಲ ಬೀಗ ಹಾಕಿದ್ರೆ ಪ್ಯಾರಿಟಿ (ಸತ್ತ ಡಿಸ್ಕಿನದ್ದನ್ನು ವಾಪಸ್ ತೆಗೆಯುವ ಲೆಕ್ಕ, ಕೆಳಗೆ ಹೇಳ್ತೇನೆ) ಸಮೇತ ಬೀಗ. ಸಿಡಿಲು ಬಡಿದು ಡಬ್ಬ ಸುಟ್ರೆ, ಕಳ್ಳ ಹೊತ್ತುಕೊಂಡು ಹೋದ್ರೆ, ನಾಲ್ಕೂ ಡಿಸ್ಕ್ ಒಟ್ಟಿಗೆ ಹೋಗ್ತವೆ. ನಿಮ್ಮ ಪಕ್ಕದ ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಹಳೆ ಪ್ರಸಂಗಗಳು ಇವತ್ತಿನವರೆಗೆ ಬಂದದ್ದು ಓಲೆಯಲ್ಲಿ, ಕಾಗದದಲ್ಲಿ ಪ್ರತಿ ಮಾಡಿ ಬೇರೆ ಬೇರೆ ಮನೆಗಳಲ್ಲಿ ಇಟ್ಟುಕೊಂಡದ್ದರಿಂದ, ನಿಮ್ಮ ವೀಡಿಯೋಗಳಿಗೂ ಅದೇ ದಾರಿ.

ಈಗ ಲೆಕ್ಕಕ್ಕೆ ಬರುವ. 8 ಟಿಬಿಯ ನಾಲ್ಕು ಡಿಸ್ಕಿಗೆ ರೇಡ್ 5 ಹಾಕಿದ್ರೆ 24 ಟಿಬಿ ಸಿಗ್ತದೆ, ಒಂದು ಡಿಸ್ಕ್ ಹೋದ್ರೆ ತಡೀತದೆ. ರೇಡ್ 6 ಹಾಕಿದ್ರೆ 16 ಟಿಬಿ, ಯಾವ ಎರಡು ಹೋದ್ರೂ ತಡೀತದೆ. ರೇಡ್ 10 ಕೂಡ 16 ಟಿಬಿ, ಎರಡೆರಡು ಡಿಸ್ಕಿನ ಜೋಡಿ, ಜೋಡಿಯಲ್ಲಿ ಒಂದೊಂದು ಹೋದ್ರೆ ಪರವಾಗಿಲ್ಲ, ಒಂದೇ ಜೋಡಿಯ ಎರಡೂ ಹೋದ್ರೆ ಎಲ್ಲ ಮುಗೀತು. ಪ್ಯಾರಿಟಿ ಅಂದ್ರೆ ಹೀಗೆ: ಮೂರು ಡಿಸ್ಕಲ್ಲಿ 5, 7, 4 ಅಂತ ಬರೆದು ನಾಲ್ಕನೆಯದರಲ್ಲಿ ಮೊತ್ತ 16 ಬರೆದಿಟ್ರೆ, 7 ಇದ್ದ ಡಿಸ್ಕ್ ಸತ್ತಾಗ 16ರಿಂದ 5ನ್ನೂ 4ನ್ನೂ ಕಳೆದು 7 ವಾಪಸ್ ತೆಗೀಬಹುದು. ನಿಜವಾಗಿ ಒಳಗೆ ನಡೆಯುವುದು ಕೂಡುವುದಲ್ಲ, ಎಕ್ಸಾರ್ ಅಂತ ಬಿಟ್ ಮಟ್ಟದ ಲೆಕ್ಕ, ಮತ್ತೆ ಪ್ಯಾರಿಟಿ ಒಂದೇ ಡಿಸ್ಕಲ್ಲಿ ಕೂರದೆ ಎಲ್ಲದರಲ್ಲೂ ಸರದಿ ಮೇಲೆ ಹಂಚಿರ್ತದೆ.

ಈ ಕಳೆಯುವ ಲೆಕ್ಕದಲ್ಲೇ ಅಪಾಯ ಇರುವುದು. ಒಂದು ಡಿಸ್ಕ್ ಸತ್ತು ಹೊಸದು ಹಾಕಿದಾಗ ಅದನ್ನು ತುಂಬಿಸ್ಲಿಕ್ಕೆ (ಇದಕ್ಕೆ ರೀಬಿಲ್ಡ್ ಅಂತಾರೆ) ರೇಡ್ 5 ಉಳಿದ ಮೂರೂ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದಬೇಕು, ಅಂದ್ರೆ 24 ಟಿಬಿ ಓದಿ 8 ಟಿಬಿ ಬರೀಬೇಕು. ಸೆಕೆಂಡಿಗೆ 180 ಎಂಬಿ ಅಂತ ಹಿಡಿದ್ರೂ 12 ಗಂಟೆ ದಾಟ್ತದೆ, ಅದೂ ಬೇರೆ ಯಾರೂ ಮುಟ್ಟದೆ ಇದ್ರೆ. ನೀವು ಒಂದು ಕಡೆ ಮದುವೆ ಎಡಿಟ್ ಮಾಡ್ತಾ ಕೂತ್ರೆ ಒಂದೂವರೆ ಎರಡು ದಿನವೂ ಆಗಬಹುದು. ಆ ಹೊತ್ತಲ್ಲಿ ಉಳಿದ ಮೂರರಲ್ಲಿ ಒಂದು ಹೋದ್ರೆ ಎಲ್ಲ ಹೋಯ್ತು. ಮತ್ತೆ ನಾಲ್ಕೂ ಒಂದೇ ದಿನ ಒಂದೇ ಅಂಗಡಿಯಿಂದ ತಂದದ್ದು ಆದ್ರೆ ನಾಲ್ಕಕ್ಕೂ ಪ್ರಾಯ ಒಂದೇ, ಓಡಿದ ಗಂಟೆ ಒಂದೇ, ಸಾಯುವ ಕಾಲವೂ ಹತ್ತಿರ ಹತ್ತಿರ ಬರಬಹುದು. ಕೆಲವು ಡಿಸ್ಕಿನ ಸ್ಪೆಕ್ ಶೀಟಲ್ಲಿ 10ರ 14ನೇ ಘಾತದಷ್ಟು ಬಿಟ್ ಓದಿದಾಗ ಹೆಚ್ಚೆಂದ್ರೆ ಒಂದು ಕಡೆ ಓದ್ಲಿಕ್ಕೆ ಆಗದೆ ಹೋಗಬಹುದು ಅಂತ ಬರೆದಿರ್ತಾರೆ, ಅದು ಸುಮಾರು 12.5 ಟಿಬಿ. ಅದು ಕಂಪೆನಿ ಕೊಡುವ ಅತಿ ಕೆಟ್ಟ ಲೆಕ್ಕ, ಪ್ರತಿ 12.5 ಟಿಬಿಗೂ ಎರರ್ ಬಂದೇ ಬರ್ತದೆ ಅಂತ ಅಲ್ಲ, ಆದ್ರೂ 24 ಟಿಬಿ ಓದುವಾಗ ಅದು ಮನಸ್ಸಲ್ಲಿ ಇರಲಿ.

ರೇಡ್ 10ರಲ್ಲಿ ಹೊಸ ಡಿಸ್ಕಿಗೆ ಜೋಡಿಯ ಒಂದರಿಂದ ನಕಲು ಮಾಡಿದ್ರೆ ಮುಗೀತು, ಓದುವುದು 8 ಟಿಬಿ ಮಾತ್ರ. ಇದು ಅದರ ನಿಜವಾದ ಗುಣ. ಅಳಿಯ ಹೇಳುವ ಸ್ಪೀಡ್ ಮಾತ್ರ ನಿಮ್ಮ ಟೇಬಲ್ ತನಕ ಬರುವುದಿಲ್ಲ, ಯಾಕೆಂದ್ರೆ ಸಾಮಾನ್ಯ ಗಿಗಾಬಿಟ್ ನೆಟ್ವರ್ಕ್ ಕೇಬಲಲ್ಲಿ ಸೆಕೆಂಡಿಗೆ ಹೆಚ್ಚಂದ್ರೆ 110-115 ಎಂಬಿ ಹೋಗುವುದು, ಅಷ್ಟು ಒಂದೇ ಡಿಸ್ಕ್ ಕೊಡ್ತದೆ. ನ್ಯಾಸೂ ಕಂಪ್ಯೂಟರೂ ಸ್ವಿಚ್ಚೂ ಮೂರೂ 2.5 ಗಿಗಾಬಿಟ್ ಇದ್ರೆ ಮಾತ್ರ ಅವನ ಮಾತಿಗೆ ಅರ್ಥ ಉಂಟು.

ಹಾಗಾದ್ರೆ ನಿಮಗೆ ಯಾವುದು? ನಾಲ್ಕೇ ಡಿಸ್ಕಿಗೆ ದುಡ್ಡು ಇರುವುದಾದ್ರೆ ನಾಲ್ಕನ್ನೂ ಡಬ್ಬದ ಒಳಗೆ ಹಾಕಬೇಡಿ. ಮೂರು ಹಾಕಿ ರೇಡ್ 5 ಮಾಡಿ, 16 ಟಿಬಿ ಸಿಗ್ತದೆ, ನಾಲ್ಕು ಡಿಸ್ಕಿನ ರೇಡ್ 6, ರೇಡ್ 10 ಎರಡರಲ್ಲೂ ಸಿಗುವುದು ಅಷ್ಟೇ ಅಲ್ವಾ. ನಾಲ್ಕನೆಯದನ್ನು ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್ ಡಿಸ್ಕ್ ಮಾಡಿ, ಅದು ಸ್ಟುಡಿಯೋದಲ್ಲಿ ಇರಬಾರದು, ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ರೇಡ್ 5ರ ರೀಬಿಲ್ಡ್ ನಡುವೆ ಕೈಕೊಟ್ರೂ ಆಗ ನಿಮ್ಮ ಹತ್ತಿರ ಸಾಮಾನು ಇರ್ತದೆ. ಅದೇ ನಾಲ್ಕನೇ ಡಿಸ್ಕನ್ನು ರೇಡ್ 6 ಮಾಡ್ಲಿಕ್ಕೆ ಒಳಗೆ ಹಾಕಿದ್ರೆ ಡಿಸ್ಕ್ ಸಾಯುವುದಕ್ಕೆ ಮಾತ್ರ ಒಂದು ಹೆಚ್ಚು ರಕ್ಷಣೆ, ಸಿಡಿಲಿಗೆ, ಡಿಲೀಟಿಗೆ, ಕಳ್ಳನಿಗೆ ಎಂತದೂ ಇಲ್ಲ. ಮುಂದೆ ದುಡ್ಡು ಆದಾಗ ನಾಲ್ಕನೇ ಜಾಗಕ್ಕೆ ಡಿಸ್ಕ್ ಸೇರಿಸಿ ರೇಡ್ ದೊಡ್ಡದು ಮಾಡುವ ಸೌಕರ್ಯ ಹೆಚ್ಚಿನ ನ್ಯಾಸುಗಳಲ್ಲಿ ಉಂಟು, ತಗೊಳ್ಳುವಾಗ ಕೇಳಿ. ಸೈನಾಲಜಿ ಕಂಪೆನಿಯ ನ್ಯಾಸ್ ಆದ್ರೆ ಅವರದ್ದೇ ಎಸ್‌ಎಚ್‌ಆರ್ ಅಂತ ಒಂದು ಬಗೆ ಬರ್ತದೆ, ಒಂದೇ ಅಳತೆಯ ಮೂರು ಡಿಸ್ಕಿಗೆ ಅದು ರೇಡ್ 5 ಇದ್ದ ಹಾಗೆಯೇ.

8 ಟಿಬಿ ಡಿಸ್ಕ್ ವಿಂಡೋಸಲ್ಲಿ 7.27 ಅಂತ ಕಾಣ್ತದೆ, ಮೋಸ ಅಲ್ಲ, ಎಣಿಸುವ ಕ್ರಮ ಬೇರೆ. ಇವತ್ತು 6 ಟಿಬಿ ಅದರಲ್ಲಿ ಹಿಡೀತದೆ, ಒಂದು ವರ್ಷ ಕಳೆಯುವಾಗ ತುಂಬ್ತದೆ, ಆಗ ಇನ್ನೊಂದು ಬ್ಯಾಕಪ್ ಡಿಸ್ಕ್ ತಗೊಳ್ಳಲೇಬೇಕು. ಅಲ್ಲಿಯವರೆಗೆ ಮೊದಲ ಜಾಗ ಕ್ಯಾಸೆಟಿಂದ ತೆಗೆದ ಆಟಗಳಿಗೆ. ಡಿವಿ ಫೈಲು ಗಂಟೆಗೆ ಸುಮಾರು 13 ಜಿಬಿ, ಎಂಟು ಗಂಟೆಯ ಇಡೀ ರಾತ್ರಿ ಆಟಕ್ಕೆ 100 ಜಿಬಿಯ ಆಸುಪಾಸು. ಈಗಿನ ಕ್ಯಾಮೆರಾದಲ್ಲಿ 100 ಎಂಬಿಪಿಎಸ್ ಇಟ್ಟು 4ಕೆ ತೆಗೆದ್ರೆ ಗಂಟೆಗೆ 45 ಜಿಬಿ, ಮೂರು ಕ್ಯಾಮೆರಾ ಇಟ್ರೆ ಮೂರು ಪಟ್ಟು. ಅಂದ್ರೆ ಜಾಗ ನುಂಗುವುದು ಮದುವೆಯ ರಾ ಫೂಟೇಜ್ (ಎಡಿಟ್ ಮಾಡದ ಮೂಲ ಶೂಟಿಂಗ್), ಹಳೆ ಆಟ ಅಲ್ಲ. ಆಲ್ಬಂ, ವೀಡಿಯೋ ಕೊಟ್ಟು ಆದ ಮೇಲೆ ರಾ ಎಷ್ಟು ತಿಂಗಳು ಇಡ್ತೀರಿ ಅಂತ ಮದುವೆ ಮನೆಯವರಿಗೆ ಮೊದಲೇ ಹೇಳಿ. ಹಳೆ ಆಟದ ಆ ಭಾಗವತರು, ಆ ವೇಷಧಾರಿಗಳಲ್ಲಿ ಎಷ್ಟು ಜನ ಈಗ ಇದ್ದಾರೆ ಹೇಳಿ, ಆ ಪದ ಇನ್ನೊಮ್ಮೆ ಹಾಡಿಸ್ಲಿಕ್ಕೆ ಆಗ್ತದಾ? ಜಾಗ ಉಳಿಸ್ಲಿಕ್ಕೆ ಡಿವಿಯನ್ನು ಸಣ್ಣ ಎಂಪಿ4 ಮಾಡಿ ಮೂಲ ಫೈಲ್ ಅಳಿಸುವ ಕೆಲಸ ದಯವಿಟ್ಟು ಮಾಡಬೇಡಿ, ಕ್ಯಾಸೆಟನ್ನೂ ಬಿಸಾಡಬೇಡಿ.

ಡಿಸ್ಕ್ ತಗೊಳ್ಳುವಾಗ ನ್ಯಾಸಿಗೆ ಅಂತಲೇ ಮಾಡಿದ, ಸಿಎಂಆರ್ (ಬರೆಯುವ ಪಟ್ಟಿಗಳು ಬೇರೆ ಬೇರೆ ಇರುವುದು) ಅಂತ ಬರೆದದ್ದು ತಗೊಳ್ಳಿ. ಎಸ್‌ಎಂಆರ್ ಡಿಸ್ಕಲ್ಲಿ ಬರೆಯುವ ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರ್ತವೆ, ರೀಬಿಲ್ಡ್ ತರದ ಎಡೆಬಿಡದ ಬರವಣಿಗೆಗೆ ಅದು ತೀರಾ ನಿಧಾನ ಆಗ್ತದೆ, ರೇಡ್ ಅದನ್ನು ಸತ್ತ ಡಿಸ್ಕ್ ಅಂತ ಎಣಿಸಿ ಹೊರಗೆ ಹಾಕುವುದೂ ಉಂಟು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಎಸ್‌ಎಂಆರ್ ಉಂಟು ಅಂತ ಹೊರಗೆ ಬಂದು ದೊಡ್ಡ ಗಲಾಟೆ ಆಗಿತ್ತು, ಅವರ ರೆಡ್ ಪ್ಲಸ್ ಸಾಲು ಸಿಎಂಆರ್, ಸೀಗೇಟ್‌ನ ಐರನ್‌ವುಲ್ಫೂ ಸಿಎಂಆರ್. ಸಾಧ್ಯ ಆದ್ರೆ ಒಂದೆರಡು ಡಿಸ್ಕ್ ಒಂದು ಕಂಪೆನಿಯದ್ದು, ಉಳಿದದ್ದು ಇನ್ನೊಂದರದ್ದು ಇರಲಿ.

ಡಿಸ್ಕ್ ಹಾಕುವ ಮೊದಲೇ ಒಂದು ಸಣ್ಣ ಕೆಲಸ. ಪ್ರತಿ ಡಿಸ್ಕಿನ ಮೇಲಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬಿಳಿ ಸ್ಟಿಕ್ಕರಲ್ಲಿ ಬರೆದು ಟ್ರೇಯ ಮುಂದೆ ಅಂಟಿಸಿ, ಯಾಕೆಂದ್ರೆ ಡಿಸ್ಕ್ ಸತ್ತ ದಿನ ಗಾಬರಿಯಲ್ಲಿ ಸರಿ ಇದ್ದದ್ದನ್ನು ಎಳೆದು ತೆಗೆಯುವುದೇ ರೇಡ್ 5 ಹಾಳಾಗುವ ಒಂದು ದಾರಿ. ತಿಂಗಳಿಗೊಮ್ಮೆ ಸ್ಕ್ರಬ್ ಓಡುವ ಹಾಗೆ ಸೆಟ್ ಮಾಡಿ, ಅದು ಯಾರೂ ತೆರೆಯದ ಹಳೆ ಫೈಲುಗಳನ್ನೂ ಓದಿ ನೋಡ್ತದೆ. ಬ್ಯಾಕಪ್ ಡಿಸ್ಕನ್ನು ತಿಂಗಳಿಗೊಮ್ಮೆ ತಂದು ಕಾಪಿ ಮಾಡಿ, ಅದರಿಂದ ನಾಲ್ಕು ಫೈಲ್ ತೆರೆದು ಪ್ಲೇ ಮಾಡಿ ನೋಡಿ, ವಾಪಸ್ ಕಳಿಸಿ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕಡೆ ಕಪಾಟಿನ ಒಳಗಿನ ಬಟ್ಟೆಗೂ ಬೂಷ್ಟು ಹಿಡೀತದೆ, ಹಾಗಾಗಿ ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಈ ಬದಲಾವಣೆ ಎಲ್ಲ ಮಾಡ್ಲಿಕ್ಕೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಒಳಗೆ ಸೇರಿದ ಮೇಲಿನ ಸಮಯ ಒಳ್ಳೇದು, ಕೆಲಸವೂ ಕಡಿಮೆ ಇರ್ತದೆ.

ಪ್ರಶ್ನೆ: ಮಂಜೇಶ್ವರದಿಂದ, ಡಿಗ್ರಿ ವಿದ್ಯಾರ್ಥಿ. ಗೇಮಿಂಗ್ ಪಿಸಿಗೆ 1 ಟಿಬಿಯ ಎರಡು ಎನ್‌ವಿಎಂಇ ಎಸ್‌ಎಸ್‌ಡಿ ತಗೊಂಡು ರೇಡ್ 0 ಮಾಡಿದ್ರೆ ಡಬಲ್ ಸ್ಪೀಡ್ ಬರ್ತದಾ?

ಉತ್ತರ: ಬೆಂಚ್‌ಮಾರ್ಕ್ ಹಾಕಿದ್ರೆ ದೊಡ್ಡ ನಂಬರ್ ಬರ್ತದೆ, ಗೇಮ್ ಲೋಡ್ ಆಗುವುದರಲ್ಲಿ ನಿನಗೆ ಹೇಳುವಂಥ ವ್ಯತ್ಯಾಸ ಕಾಣುವುದಿಲ್ಲ ತಮ್ಮ. ಸಣ್ಣ ಸಣ್ಣ ಫೈಲ್ ಓದುವಾಗ, ಬಿಚ್ಚುವಾಗ ತಡ ಆಗುವುದು ಬೇರೆ ಕಡೆ. ರೇಡ್ 0ರಲ್ಲಿ ಪ್ರತಿ ಫೈಲೂ ತುಂಡಾಗಿ ಎರಡರಲ್ಲೂ ಹಂಚಿ ಹೋಗ್ತದೆ, ಒಂದು ಸತ್ರೆ ಇನ್ನೊಂದರಲ್ಲಿ ಇರುವ ಅರ್ಧರ್ಧ ತುಂಡಿಂದ ಎಂತ ಮಾಡ್ಲಿಕ್ಕೂ ಆಗುವುದಿಲ್ಲ. ಎರಡನ್ನೂ ಬೇರೆ ಬೇರೆ ಡ್ರೈವಾಗಿ ಇಟ್ಟುಕೋ, ಒಂದರಲ್ಲಿ ವಿಂಡೋಸ್, ಕಾಲೇಜಿನ ಕೆಲಸ, ಇನ್ನೊಂದರಲ್ಲಿ ಗೇಮು.

ಪ್ರಶ್ನೆ: ಮುಳ್ಳೇರಿಯದಿಂದ. ಮನೆಯಲ್ಲಿ ಎರಡು ಡಿಸ್ಕಿನ ನ್ಯಾಸ್ ಉಂಟು, ರೇಡ್ 1. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗ್ತಾ ಬರ್ತಾ ಇರ್ತದೆ, ಇನ್ವರ್ಟರ್ ಉಂಟು, ಅಷ್ಟು ಸಾಕಾ? ಸಿಡಿಲಿಗೆ ಎಂತ ಮಾಡುವುದು?

ಉತ್ತರ: ಎರಡು ಡಿಸ್ಕಿಗೆ ರೇಡ್ 1 (ಎರಡರಲ್ಲೂ ಅದೇ ಪ್ರತಿ) ಸರಿಯಾದದ್ದೇ, ಅದರ ಬಗ್ಗೆ ಚಿಂತೆ ಬೇಡ. ಮನೆ ಇನ್ವರ್ಟರಲ್ಲಿ ಎರಡು ಮೋಡ್ ಇರ್ತದೆ, ಫ್ಯಾನ್ ಲೈಟಿಗೆ ಆಗುವ ಸಾಮಾನ್ಯ ಮೋಡಲ್ಲಿ ಕರೆಂಟ್ ಬದಲಾಗುವಾಗ ಆ ಸಣ್ಣ ಗ್ಯಾಪಿಗೆ ನ್ಯಾಸ್ ರೀಸ್ಟಾರ್ಟ್ ಆಗಬಹುದು, ಹಿಂದೆ ಸ್ವಿಚ್ ಇದ್ರೆ ಯುಪಿಎಸ್ ಮೋಡಿಗೆ ಹಾಕಿ. ಆದ್ರೂ ನಾನು ಹೇಳುವುದು ಒಂದು ಸಣ್ಣ ಲೈನ್ ಇಂಟರಾಕ್ಟಿವ್ ಯುಪಿಎಸ್ ತಗೊಂಡು ಅದರ ಯುಎಸ್‌ಬಿ ಕೇಬಲನ್ನು ನ್ಯಾಸಿಗೆ ಸಿಕ್ಕಿಸಿ ಅಂತ, ನಿಮ್ಮ ನ್ಯಾಸ್ ಒಪ್ಪುವ ಮಾಡೆಲಾ ಅಂತ ಮೊದಲು ಪಟ್ಟಿ ನೋಡಿ. ಹಾಗೆ ಮಾಡಿದ್ರೆ ಬ್ಯಾಟರಿ ಇಳಿಯುವಾಗ ನ್ಯಾಸ್ ತಾನಾಗಿ ಬರೆಯುವುದನ್ನು ಮುಗಿಸಿ ಬಂದ್ ಆಗ್ತದೆ, ಮನೆಯಲ್ಲಿ ಯಾರೂ ಇಲ್ಲದಾಗಲೂ. ರೇಡ್ 5, 6 ಇರುವವರಿಗೆ ಇದು ಇನ್ನೂ ಅಗತ್ಯ, ಯಾಕೆಂದ್ರೆ ಡೇಟಾ ಬರೆದಾಗಿ ಪ್ಯಾರಿಟಿ ಬರೆಯುವ ಮೊದಲು ಕರೆಂಟ್ ಹೋದ್ರೆ ಎರಡೂ ತಾಳೆ ಆಗದೆ ಉಳೀತದೆ, ಅದು ಗೊತ್ತಾಗುವುದು ಮುಂದೆ ಯಾವಾಗಲೋ ಡಿಸ್ಕ್ ಸತ್ತು ಲೆಕ್ಕ ತಪ್ಪಿದಾಗ.

ಸಿಡಿಲಿಗೆ ಯುಪಿಎಸ್ ಮದ್ದಲ್ಲ. ಏಪ್ರಿಲ್ ಮೇಯಲ್ಲೂ ಅಕ್ಟೋಬರ್ ನವೆಂಬರಲ್ಲೂ ಮಧ್ಯಾಹ್ನ ಮೇಲೆ ಗುಡುಗು ಶುರು ಆಯ್ತು ಅಂದ್ರೆ ನ್ಯಾಸ್ ಬಂದ್ ಮಾಡಿ ಪ್ಲಗ್ ಎಳೀಬೇಕು, ಒಟ್ಟಿಗೆ ನೆಟ್ವರ್ಕ್ ಕೇಬಲೂ ಎಳೀಬೇಕು. ಜನ ಪ್ಲಗ್ ಮಾತ್ರ ಎಳೆದು ಸುಮ್ಮನಾಗ್ತಾರೆ, ಫೈಬರ್ ತಂತಿಯಲ್ಲಿ ಕರೆಂಟ್ ಬರ್ಲಿಕ್ಕಿಲ್ಲ ನಿಜ, ಆದ್ರೆ ಮೋಡೆಮಿನ ಅಡಾಪ್ಟರಿಗೆ ಬಂದ ಪೆಟ್ಟು ತಾಮ್ರದ ಲ್ಯಾನ್ ಕೇಬಲಲ್ಲಿ ನ್ಯಾಸಿನ ತನಕ ಬರ್ತದೆ. ಇನ್ನು ನಮ್ಮ ಮುರಕಲ್ಲಿನ ಗುಡ್ಡೆಗಳಲ್ಲಿ ಬೇಸಿಗೆಗೆ ನೆಲ ಒಣಗಿ ಅರ್ತಿಂಗ್ ಬಲ ಕಡಿಮೆ ಆಗ್ತದೆ. ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕ್ತಾ ಇರಿ, ಒಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ಅಳತೆ ಮಾಡಿಸಿ.

ಪ್ರಶ್ನೆ: ಉಪ್ಪಳದಲ್ಲಿ ಡಿಟಿಪಿ, ಪ್ರಿಂಟಿಂಗ್ ಮಾಡ್ತೇವೆ. 4 ಟಿಬಿಯ ನಾಲ್ಕು ಡಿಸ್ಕ್, ರೇಡ್ 5, ತುಂಬಿರುವುದು 3 ಟಿಬಿ. ನಿನ್ನೆಯಿಂದ ಮೂರನೇ ಡಿಸ್ಕಲ್ಲಿ ಕೆಂಪು ಲೈಟು. ಫೈಲೆಲ್ಲ ತೆರೀತದೆ. ಬ್ಯಾಕಪ್ ಇಲ್ಲ. ಎಲ್ಲ ಡಿಸ್ಕ್ ತೆಗೆದು ಒರೆಸಿ ವಾಪಸ್ ಹಾಕಿ ನೋಡಿ ಅಂತ ಒಬ್ಬರು ಹೇಳಿದ್ರು. ಹಾಗೆ ಮಾಡ್ಲಾ?

ಉತ್ತರ: ಬೇಡ ಮಾರಾಯ್ರೇ, ಇದು ಓದುವಾಗ ಇನ್ನೂ ಮುಟ್ಟದೆ ಇದ್ರೆ ಮುಟ್ಟಲೇಬೇಡಿ. ಈಗ ನಿಮ್ಮ ರೇಡ್ ಒಂದು ಡಿಸ್ಕ್ ಕಡಿಮೆಯಲ್ಲಿ ಓಡ್ತಾ ಉಂಟು, ಇನ್ನೊಂದನ್ನು ಎಳೆದ್ರೆ ಅಲ್ಲಿಗೇ ನಿಲ್ತದೆ.

ಹೊಸ ಡಿಸ್ಕ್ ಹಾಕುವುದು ಎರಡನೇ ಕೆಲಸ. ಮೊದಲು 4 ಟಿಬಿಯ ಒಂದು ಯುಎಸ್‌ಬಿ ಡಿಸ್ಕ್ ತಂದು 3 ಟಿಬಿಯನ್ನು ಹೊರಗೆ ಕಾಪಿ ಮಾಡಿ, ಬಹಳ ಬೇಕಾದ ಫೋಲ್ಡರಿಂದ ಶುರು ಮಾಡಿ. ಗಿರಾಕಿಗಳ ಲೆಡ್ಜರ್, ಈ ವಾರ ಪ್ರಿಂಟಿಗೆ ಹೋಗಬೇಕಾದ ಆಮಂತ್ರಣ ಪತ್ರಿಕೆ, ಆಮೇಲೆ ಹಳೇದು. ರೀಬಿಲ್ಡ್ ಉಳಿದ ಮೂರು ಡಿಸ್ಕಿನ 12 ಟಿಬಿಯನ್ನೂ ಓದಿಸ್ತದೆ, ಕಾಪಿಗೆ ನೀವು ತುಂಬಿದಷ್ಟನ್ನೇ ಓದಿಸುವುದು, ಹಾಗಾಗಿ ಸುಸ್ತಾದ ಡಿಸ್ಕುಗಳಿಗೆ ಇದು ಕಡಿಮೆ ಭಾರ. ನಡುವೆ ಒಂದು ಫೈಲ್ ಓದ್ಲಿಕ್ಕೆ ಆಗದೆ ನಿಂತ್ರೆ ಅದನ್ನು ಬಿಟ್ಟು ಮುಂದಿನದ್ದು ಮಾಡಿ, ಮತ್ತೆ ಮತ್ತೆ ಅದನ್ನೇ ಒತ್ತಿ ಕೂರಬೇಡಿ.

ಕಾಪಿ ಆದ ಮೇಲೆ ನ್ಯಾಸಿನ ಸ್ಟೋರೇಜ್ ಪೇಜಲ್ಲಿ ಸತ್ತ ಡಿಸ್ಕಿನ ಸೀರಿಯಲ್ ನಂಬರ್ ಬರ್ಕೊಳ್ಳಿ, ಉಳಿದ ಮೂರರ ಸ್ಮಾರ್ಟ್ ಪಟ್ಟಿಯನ್ನೂ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಡುವ ಲೆಕ್ಕ) ನೋಡಿ. 5ನೇ ನಂಬರಿನ ರೀಅಲೊಕೇಟೆಡ್, 197ನೆಯ ಪೆಂಡಿಂಗ್, 198ನೆಯ ಅನ್‌ಕರೆಕ್ಟೆಬಲ್, ಈ ಮೂರರ ರಾ ವ್ಯಾಲ್ಯೂ ಸೊನ್ನೆ ಇದ್ರೆ ಧೈರ್ಯವಾಗಿ ಮುಂದೆ ಹೋಗಿ. ಇನ್ನೊಂದು ಡಿಸ್ಕಲ್ಲೂ 197 ಏರ್ತಾ ಇದ್ರೆ ರೀಬಿಲ್ಡ್ ಮಾಡುವುದಕ್ಕಿಂತ ಎಲ್ಲ ಡಿಸ್ಕ್ ಹೊಸದು ಮಾಡಿ ಕಾಪಿಯಿಂದ ತುಂಬಿಸುವುದೇ ಸರಿ. 199 ಮಾತ್ರ ಏರಿದ್ರೆ ಅದು ಹೆಚ್ಚಾಗಿ ಕೇಬಲ್, ಕನೆಕ್ಟರಿನ ತೊಂದರೆ, ಡಿಸ್ಕಿನದ್ದಲ್ಲ.

ಹೊಸ ಡಿಸ್ಕ್ 4 ಟಿಬಿಗೆ ಕಡಿಮೆ ಆಗಬಾರದು, ಹೆಚ್ಚಾದ್ರೆ ಆಗ್ತದೆ, ಕಂಪೆನಿ ಬೇರೆ ಇದ್ರೂ ಆಗ್ತದೆ. ಹಾಕಿದ ಮೇಲೆ ರಿಪೇರ್ ಅಥವಾ ರೀಬಿಲ್ಡ್ ಅಂತ ಇರುವುದನ್ನು ಒತ್ತಿ. ಇನಿಶಿಯಲೈಸ್, ಕ್ರಿಯೇಟ್, ಫಾರ್ಮ್ಯಾಟ್ ಅಂತ ಕೇಳಿದ್ರೆ ಬೇಡ ಅಂತ ಹೇಳಿ ಹೊರಗೆ ಬನ್ನಿ, ತಪ್ಪು ಪೇಜಿಗೆ ಹೋಗಿದ್ದೀರಿ. ಅಕಸ್ಮಾತ್ ನಡುವೆ ಎರಡನೆಯದೂ ಹೋದ್ರೆ ನ್ಯಾಸ್ ಬಂದ್ ಮಾಡಿ, ಯಾವ ಡಿಸ್ಕ್ ಯಾವ ಜಾಗದಲ್ಲಿ ಇತ್ತು ಅಂತ 1, 2, 3, 4 ಬರೆದಿಡಿ, ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಡೇಟಾ ರಿಕವರಿಯವರಿಗೆ ಆ ಕ್ರಮ ಬೇಕಾಗ್ತದೆ.

ಇನ್ನೊಂದು, ಕೆಂಪು ಲೈಟು ನಿನ್ನೆ ಕಂಡದ್ದು ನಿಜ, ಆದ್ರೆ ಡಿಸ್ಕ್ ಸತ್ತದ್ದು ನಿನ್ನೆಯೇ ಆಗಿರಬೇಕು ಅಂತ ಇಲ್ಲ. ನ್ಯಾಸಿನ ಲಾಗಲ್ಲಿ ತಾರೀಕು ಸಮೇತ ಇರ್ತದೆ, ಹೋಗಿ ನೋಡಿ, ಹಾಗೆಯೇ ನೋಟಿಫಿಕೇಶನ್ ಪೇಜಲ್ಲಿ ನಿಮ್ಮ ಇಮೇಲ್ ಹಾಕಿ ಟೆಸ್ಟ್ ಮೆಸೇಜ್ ಒತ್ತಿ, ಅದು ಮೊಬೈಲಿಗೆ ಬಂತಾ ಅಂತ ಇವತ್ತೇ ನೋಡ್ಕೊಳ್ಳಿ.